ಕೈ ಯಾರದು, ಹೆಸರು ಯಾರದು?

ಬೇಸಿಗೆ ಬಂತೆಂದರೆ ನಮ್ಮ ಬೀದಿಯ ಹೆಂಗಸರು ಅಂಗಡಿಯೊಂದಕ್ಕೆ ಹಪ್ಪಳ ಮಾಡಿಕೊಡುತ್ತಾರೆ. ಹಿಟ್ಟು ಅಂಗಡಿಯದು, ಕೈ ಇವರದು, ಪೊಟ್ಟಣದ ಮೇಲಿನ ಹೆಸರು ಮತ್ತೆ ಅಂಗಡಿಯದು. ನೂರು ಹಪ್ಪಳಕ್ಕೆ ಇಷ್ಟು ಎಂದು ಕೂಲಿ. ಕಳೆದ ಯುಗಾದಿಗೆ ಬೆಂಗಳೂರಿನಿಂದ ಬಂದ ನನ್ನ ಮಗಳು ಬಿಸಿಲಿಗೆ ಹರವಿದ್ದ ಹಪ್ಪಳ ನೋಡಿ ನಕ್ಕಳು. "ಅಮ್ಮಾ, ನಮ್ಮ ಆಫೀಸಿನ ಕೆಲಸವೂ ಇದೇ!"

ಹೊರದೇಶದ ಹೊಸ ಕಂಪನಿಯೊಂದಕ್ಕೆ ಅವಳ ತಂಡ ಸಾಫ್ಟ್‌ವೇರ್ ಬರೆದುಕೊಡುತ್ತದೆ. ಇದಕ್ಕೆ ಹೊರಗುತ್ತಿಗೆ ಎಂದು ಹೆಸರು. ಈಗ ಇಲ್ಲಿಯದೇ ಒಂದು ಸಣ್ಣ ಕಂಪನಿ ಅವಳನ್ನು ಕರೆದಿತ್ತು. ಸಂಬಳ ಕಡಿಮೆ, ಆದರೆ ಕಂಪನಿಯಲ್ಲಿ ಪಾಲು ಕೊಡುತ್ತಾರಂತೆ. "ಹೋಗಲಾ, ಬೇಡವಾ?" ಎಂದು ಕೇಳಿದಳು. ನನಗೆ ಉತ್ತರ ಸುಲಭವಿರಲಿಲ್ಲ. ನಮ್ಮ ಮನೆಯ ಸಾಲದ ಕಂತಿಗೆ ಅರ್ಧ ಅವಳ ಸಂಬಳವೇ.

ಚರಿತ್ರೆ ಪಾಠ ಮಾಡುವವಳಿಗೆ ಏನು ಕೇಳಿದರೂ ಹಿಂದಕ್ಕೆ ತಿರುಗಿ ನೋಡುವ ಚಾಳಿ. ನನಗೆ ಸ್ಕೈಪ್ ನೆನಪಾಯಿತು. 2008ರಲ್ಲಿ ನನ್ನಮ್ಮ, ಅಮೆರಿಕದಲ್ಲಿದ್ದ ನನ್ನ ತಮ್ಮನ ಮಗುವನ್ನು ಮೊದಲು ಕಂಡದ್ದು ಅದರಲ್ಲೇ. ಕಂಪ್ಯೂಟರಿಗೇ ಆರತಿ ಬೆಳಗಿದ್ದಳು!

ಆ ಸ್ಕೈಪ್ ಕೂಡ ಒಂದು ಬಗೆಯ ಹಪ್ಪಳದ ಕಥೆಯೇ. ಅದನ್ನು ಕಟ್ಟಲು ಹೊರಟವರು ಸ್ವೀಡನ್ನಿನ ನಿಕ್ಲಾಸ್ ಜೆನ್‌ಸ್ಟ್ರೋಮ್ ಮತ್ತು ಡೆನ್ಮಾರ್ಕಿನ ಯಾನುಸ್ ಫ್ರಿಸ್. ಬರೆದವರು ಮಾತ್ರ ಎಸ್ಟೋನಿಯಾದ ಅಹ್ತಿ ಹೇನ್ಲಾ, ಪ್ರೀತ್ ಕಾಸೆಸಾಲು, ಯಾನ್ ತಾಲಿನ್. ಎಸ್ಟೋನಿಯಾ 1991ರಲ್ಲಿ ಸೋವಿಯತ್ ಹಿಡಿತದಿಂದ ಬಿಡಿಸಿಕೊಂಡ ಪುಟ್ಟ ದೇಶ. ಅಲ್ಲಿನ ಜನಸಂಖ್ಯೆ ಸುಮಾರು 13 ಲಕ್ಷ, ನಮ್ಮ ಒಂದು ಜಿಲ್ಲೆಯಷ್ಟು. ಇದೇ ಹುಡುಗರು ಮೊದಲು ಅದೇ ಇಬ್ಬರಿಗಾಗಿ ಕಜಾ ಎಂಬ, ಹಾಡುಗಳನ್ನು ಹಂಚಿಕೊಳ್ಳುವ ಸಾಫ್ಟ್‌ವೇರ್ ಬರೆದುಕೊಟ್ಟಿದ್ದರು. 2003ರ ಆಗಸ್ಟಿನಲ್ಲಿ ಸ್ಕೈಪ್ ಹೊರಬಂತು. ಮಾತನ್ನು ಚೂರುಚೂರು ಮಾಡಿ, ಇಂಟರ್‌ನೆಟ್ಟಿನಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಳಿಸಿ, ಅಲ್ಲಿ ಮತ್ತೆ ಜೋಡಿಸುವ ಉಪಾಯ ಅದು. ಟೆಲಿಫೋನ್ ಎಕ್ಸ್‌ಚೇಂಜಿನ ಹಂಗಿಲ್ಲ, ಹಾಗಾಗಿ ಕಾಸೂ ಇಲ್ಲ.

2005ರಲ್ಲಿ ಇಬೇ ಕಂಪನಿ ಅದನ್ನು ಸುಮಾರು 260 ಕೋಟಿ ಡಾಲರಿಗೆ ಕೊಂಡಿತು. ಬರೆದುಕೊಟ್ಟವರು ಬರೀ ಕೂಲಿಯವರಾಗಿರಲಿಲ್ಲ. ಅವರಿಗೂ ಪಾಲಿತ್ತು. ಬಂದ ಹಣವನ್ನು ಹೊಸ ಕಂಪನಿಗಳಿಗೆ ಬೀಜವಾಗಿ ಹಾಕಿದರು. ಸ್ಕೈಪಿನ ಮೊದಲ ನೌಕರ ತಾವೆತ್ ಹಿನ್ರಿಕುಸ್, 2011ರಲ್ಲಿ ಗೆಳೆಯನೊಡನೆ ಸೇರಿ, ದೇಶದಿಂದ ದೇಶಕ್ಕೆ ಹಣ ಕಳಿಸುವ ತನ್ನದೇ ಕಂಪನಿ ಕಟ್ಟಿದ.

ಹಾಗೆಂದು ಕೂಲಿಯನ್ನು ಹಗುರವಾಗಿ ಕಾಣಲಾರೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ತೆರೆದು, ಇಲ್ಲಿ ಮಾಡಿದ ಕೆಲಸವನ್ನು ಉಪಗ್ರಹದ ಮೂಲಕ ಅಮೆರಿಕಕ್ಕೆ ಕಳಿಸತೊಡಗಿತು. ಅಂದಿನಿಂದ ಎಷ್ಟು ಮನೆಗಳಲ್ಲಿ ಒಲೆ ಉರಿದಿದೆ! ಎಷ್ಟು ಹೆಣ್ಣುಮಕ್ಕಳು ತಮ್ಮ ಕಾಲ ಮೇಲೆ ನಿಂತರು! ನನ್ನ ಮಗಳೂ ಅವರಲ್ಲೊಬ್ಬಳು. ಆದರೂ ಅವಳು ಬರೆದದ್ದನ್ನು ತೋರಿಸಿ "ಇದು ನನ್ನದು" ಎನ್ನಲು ಅವಳಿಗೆ ಹಕ್ಕಿಲ್ಲವೆಂಬುದು ನನ್ನನ್ನು ಚುಚ್ಚುತ್ತಿತ್ತು.

2011ರಲ್ಲಿ ಮೈಕ್ರೋಸಾಫ್ಟ್ ಸ್ಕೈಪನ್ನು 850 ಕೋಟಿ ಡಾಲರಿಗೆ ಕೊಂಡಿತು. 2025ರ ಮೇ ತಿಂಗಳಲ್ಲಿ ಅದನ್ನು ಮುಚ್ಚಿಯೂ ಬಿಟ್ಟಿತು. ಅಷ್ಟು ದೊಡ್ಡ ಹೆಸರೂ ಉಳಿಯಲಿಲ್ಲ. ಕಲಿತ ಕೈಗಳು ಮಾತ್ರ ಉಳಿದವು.

ಮಗಳು ಊರಿಗೆ ಹೊರಡುವ ಮುನ್ನ ಹೇಳಿದೆ: "ಹೋಗು. ಆದರೆ ಪಾಲನ್ನು ಬಾಯಿಮಾತಿನಲ್ಲಿ ನಂಬಬೇಡ, ಕಾಗದದಲ್ಲಿ ಬರೆಸಿಕೋ. ಕಂಪನಿ ಮುಳುಗಿದರೂ ಕಲಿತದ್ದು ನಿನ್ನದೇ."

"ಸಾಲದ ಕಂತು?"

"ಇನ್ನೆರಡು ವರ್ಷ ಹೆಚ್ಚು ಕಟ್ಟೋಣ" ಎಂದು ಅವಳ ಚೀಲದೊಳಗೆ ಒಂದು ಕಟ್ಟು ಹಪ್ಪಳ ಇಟ್ಟೆ. ಅದು ನಾನೇ ಮಾಡಿದ್ದು; ಅದರ ಮೇಲೆ ಯಾರ ಹೆಸರೂ ಇರಲಿಲ್ಲ.