ಪ್ಯಾರಿಸಿನ ಚಳಿಗಾಲದ ತೋಟಗಳು

ನಮ್ಮ ನಾಡಿನಲ್ಲಿ ಮಾಗಿಯೆಂದರೆ ಅವರೆಕಾಯಿಯ ಕಾಲ. ಇಬ್ಬನಿ ಬಿದ್ದಷ್ಟೂ ಅದರ ಸೊಗಡು ಹೆಚ್ಚುವುದೆಂದು ನಮ್ಮವರು ಹೇಳುವರು. ಉತ್ತರದ ಶೀತದೇಶಗಳಲ್ಲಿಯಾದರೋ ಇದೇ ತಿಂಗಳುಗಳಲ್ಲಿ ನೆಲವು ಹೆಪ್ಪುಗಟ್ಟಿ ಹಸುರೆಂಬುದು ಕಣ್ಮರೆಯಾಗುವುದು. ಅಂತಹ ಸೀಮೆಯಲ್ಲಿ, ಪುಷ್ಯ ಮಾಘಮಾಸಗಳ ಕೊರೆಯುವ ಚಳಿಯಲ್ಲಿ, ಎಳೆಯ ಸೊಪ್ಪು ಗೆಡ್ಡೆಗಳನ್ನು ಬೆಳೆದು ಒಂದು ಮಹಾನಗರಕ್ಕೆ ಉಣಬಡಿಸಿದ ತೋಟಗಾರರಿದ್ದರು. ಅವರ ಅಗ್ನಿಯು ಮುಖ್ಯವಾಗಿ ಕುದುರೆಯ ಲದ್ದಿಯಲ್ಲಿದ್ದಿತು. ಅವರ ಚರಿತ್ರೆಯು ನಮಗೂ ತಿಳಿಯತಕ್ಕದ್ದಾಗಿದೆ.

ಅಕಾಲದಲ್ಲಿ ಕಾಯಿಪಲ್ಯವನ್ನು ಬೆಳೆಯುವ ಆಸೆಯು ಮೊದಲು ಅರಸುಗಳ ನಾಲಿಗೆಯಲ್ಲಿ ಹುಟ್ಟಿತು. ರೋಮಿನ ಚಕ್ರವರ್ತಿ ಟೈಬೀರಿಯಸನಿಗೆ ಪ್ರತಿದಿನವೂ ಸೌತೆಯಂತಹ ಒಂದು ಕಾಯಿ ಬೇಕಾಗಿತ್ತಂತೆ. ಅದಕ್ಕಾಗಿ ಗಾಲಿಗಳ ಮೇಲೆ ಪಾತಿಗಳನ್ನು ಮಾಡಿ ಬಿಸಿಲಿದ್ದೆಡೆಗೆ ತಳ್ಳುತ್ತಲೂ, ಚಳಿಯಲ್ಲಿ ಪಾರದರ್ಶಕವಾದ ಶಿಲೆಯ ಹಲಗೆಗಳಡಿಯಲ್ಲಿ ಇಡುತ್ತಲೂ ಇದ್ದರೆಂದು ಪ್ಲಿನಿಯು ಬರೆದಿರುವನು. ಹದಿನಾರು ಶತಮಾನಗಳ ತರುವಾಯ ಫ್ರಾನ್ಸಿನ 14ನೆಯ ಲೂಯಿಯು ಇದೇ ಬಯಕೆಯನ್ನು ತೀರಿಸಿಕೊಂಡನು. ನ್ಯಾಯಶಾಸ್ತ್ರವನ್ನೋದಿ ತೋಟಗಾರನಾದ ಲಾ ಕೆಂಟಿನಿ ಎಂಬವನು 1678ರಿಂದ 1683ರವರೆಗೆ ವರ್ಸೇಲ್ಸಿನ ಜೌಗುಭೂಮಿಯಲ್ಲಿ ರಾಜನ ಅಡಿಗೆಯ ತೋಟವನ್ನು ನಿರ್ಮಿಸಿದನು. ಡಿಸೆಂಬರಿನಲ್ಲಿ ಆಸ್ಪರಾಗಸ್ ಚಿಗುರು, ಜನವರಿಯಲ್ಲಿ ಲೆಟ್ಯೂಸ್ ಸೊಪ್ಪು, ಮಾರ್ಚಿಯ ಕೊನೆಗೆ ಸ್ಟ್ರಾಬೆರಿ ಹಣ್ಣು ಅರಮನೆಯನ್ನು ಸೇರುತ್ತಿದ್ದವು. ಆ ತೋಟವು ಇಂದಿಗೂ ಉಳಿದಿದೆ.

ಇದರ ಮರ್ಮವನ್ನು ನಮ್ಮ ಒಕ್ಕಲಿಗರಿಗೆ ವಿವರಿಸಬೇಕಾದುದಿಲ್ಲ. ಹೊಸ ತಿಪ್ಪೆಯೊಳಗೆ ಕೈಯಿಟ್ಟವರೆಲ್ಲರೂ ಅದನ್ನು ಬಲ್ಲರು. ಹುಲ್ಲು ಬೆರೆತ ಹಸಿಯ ಲದ್ದಿಯನ್ನು ಒಟ್ಟಿದರೆ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸುವಾಗ ಶಾಖವು ಹುಟ್ಟುವುದು. ಮೊದಲ ಕೆಲವು ದಿನಗಳ ಉಗ್ರತಾಪವು ಇಳಿದ ಬಳಿಕ ಅದರ ಮೇಲೆ ಸಣ್ಣ ಮಣ್ಣನ್ನು ಹರಡಿ ಬಿತ್ತುವರು. ಮೇಲೆ ಗಾಜಿನ ಚೌಕಟ್ಟು, ಇಲ್ಲವೆ ಗಂಟೆಯಾಕಾರದ ಗಾಜಿನ ಮುಚ್ಚಳ. ರಾತ್ರಿಯಲ್ಲಿ ಹುಲ್ಲುಚಾಪೆಯ ಹೊದಿಕೆ. ಶಾಖವು ಕುಂದಿದರೆ ಸುತ್ತಲೂ ಹೊಸ ಲದ್ದಿಯನ್ನು ತುಂಬುವರು. ಹೇಳುವುದಕ್ಕೆ ಇಷ್ಟೆ, ನಡೆಯಿಸುವುದು ಮಾತ್ರ ಹಸುಳೆಯನ್ನು ಸಾಕಿದಂತೆ. ಚಳಿಯ ನಡುವೆ ಒಂದು ಗಳಿಗೆ ಬಿಸಿಲು ತೀಕ್ಷ್ಣವಾದರೂ ಮುಚ್ಚಳವನ್ನು ಎತ್ತಿ ಕೊಯ್ದ ಕಡ್ಡಿಯ ಊರೆಯನ್ನು ಕೊಡಬೇಕು. ಇಲ್ಲವಾದರೆ ಸಸಿಗಳು ಬೆಂದುಹೋಗುವುವು. ಸಂಜೆ ಮುಚ್ಚಲು ಮರೆತರೆ ಹಿಮಕ್ಕೆ ಸೀದುಹೋಗುವುವು.

ರಾಜಭೋಗವಾಗಿದ್ದ ಈ ವಿದ್ಯೆಯನ್ನು ನಗರದ ಸಂತೆಗೆ ತಂದವರು ಪ್ಯಾರಿಸಿನ ಮಾರೇಷೇ ಎಂಬ ತೋಟಗಾರರು. ಮಾರೇ ಎಂದರೆ ಜೌಗುನೆಲ. ಅಲ್ಲಿ ಬೇಸಾಯ ಮಾಡಿದವರಾದುದರಿಂದ ಅವರಿಗೆ ಆ ಹೆಸರು. ಅವರ ಹಿಡುವಳಿಗಳು ಅತ್ಯಲ್ಪ. 19ನೆಯ ಶತಮಾನದಲ್ಲಿ ಪೋನ್ಸ್ ಎಂಬ ತೋಟಗಾರನು 2.7 ಎಕರೆಯಲ್ಲಿ ವರ್ಷಕ್ಕೆ 125 ಟನ್ನು ಕಾಯಿಪಲ್ಯವನ್ನು ಬೆಳೆದನೆಂದೂ, ಅದರಲ್ಲಿ 1,54,000 ಸೊಪ್ಪಿನ ಗಿಡಗಳಿದ್ದವೆಂದೂ ಕ್ರೊಪಾಟ್ಕಿನನು ದಾಖಲಿಸಿರುವನು. ಗುತ್ತಿಗೆ ಮುಗಿದಾಗ ತಾವು ಮಾಡಿದ ಮಣ್ಣನ್ನೂ ಹೊತ್ತೊಯ್ಯುವ ಕರಾರನ್ನು ಅವರು ಮಾಡಿಕೊಳ್ಳುತ್ತಿದ್ದರಂತೆ. ಮಣ್ಣು ಭೂಸ್ವಾಮಿಯದಲ್ಲ, ಅದನ್ನು ಮಾಡಿದವನದು ಎಂಬ ಈ ನ್ಯಾಯವು ನನಗೆ ಬಹಳ ಮೆಚ್ಚಿಕೆಯಾಯಿತು.

ಸೊಪ್ಪನ್ನು ಹೇರಿಕೊಂಡು ಪೇಟೆಗೆ ಹೋದ ಗಾಡಿಯು ಲಾಯದ ಲದ್ದಿಯನ್ನು ತುಂಬಿಕೊಂಡು ಮರಳುತ್ತಿದ್ದಿತು. ನಗರವು ಬಿಸುಟದ್ದೇ ನಗರಕ್ಕೆ ಅನ್ನವಾಯಿತು. ಆದರೆ ಈ ಚಕ್ರವು ಕುದುರೆಯನ್ನು ನೆಚ್ಚಿಕೊಂಡಿದ್ದಿತು. ಬೆಚ್ಚಗಿನ ದಕ್ಷಿಣ ಸೀಮೆಯ ತರಕಾರಿಯನ್ನು ರೈಲುಗಳು ತಂದು ಸುರಿದವು; ಬೆಳೆಯುತ್ತಿದ್ದ ನಗರವು ತೋಟದ ನೆಲವನ್ನು ನುಂಗಿತು; 1913ರಲ್ಲಿ ಕೊನೆಯ ಕುದುರೆ ಆಮ್ನಿಬಸ್ಸು ನಿಂತು ಮೋಟಾರು ಗೆದ್ದಿತು. ತಿಪ್ಪೆ ಹೋಗಿ ಉಪ್ಪರಿಗೆಯಾಯಿತೆಂಬ ನಮ್ಮ ಗಾದೆಯು ಅಲ್ಲಿ ಅಕ್ಷರಶಃ ನಿಜವಾಯಿತು. ಉಪ್ಪರಿಗೆಯೆದ್ದುದಕ್ಕೆ ಎಲ್ಲರೂ ಹಿಗ್ಗಿದರು. ತಿಪ್ಪೆ ಹೋದುದಕ್ಕೆ ಅತ್ತವರು ಕಡಮೆ.

ಆದರೂ ವಿದ್ಯೆಯು ಸಮೂಲವಾಗಿ ನಾಶವಾಗಲಿಲ್ಲ. ಮೊರೋ ಮತ್ತು ದಾವೆರ್ನ್ ಎಂಬ ಇಬ್ಬರು ತೋಟಗಾರರು ತಮ್ಮ ಕಸುಬಿನ ಕ್ರಮವನ್ನೆಲ್ಲ 1845ರಲ್ಲಿ ಗ್ರಂಥವಾಗಿ ಪ್ರಕಟಿಸಿದ್ದರು. ಅಮೆರಿಕೆಯ ಮೇಯ್ನ್ ಸಂಸ್ಥಾನದ ಎಲಿಯಟ್ ಕೋಲ್ಮನ್ ಎಂಬ ಕೃಷಿಕನು ಪ್ಯಾರಿಸಿನವರ ಈ ಪರಂಪರೆಯನ್ನು ಅಭ್ಯಸಿಸಿ, 20ನೆಯ ಶತಮಾನದ ಕೊನೆಯಲ್ಲಿ ಹಿಮದ ನಡುವೆ ಸೊಪ್ಪನ್ನು ಬೆಳೆದನು. ಅವನಿಗೆ ಲದ್ದಿಯೂ ಬೇಕಾಗಲಿಲ್ಲ. ಹೊದಿಕೆಯ ಮನೆಯೊಳಗೆ ಇನ್ನೊಂದು ತೆಳುವಾದ ಹೊದಿಕೆ ಸಾಕಾಯಿತು. ಹಗಲು ಹತ್ತು ಗಂಟೆಗಿಂತ ಕಿರಿದಾದಾಗ ಗಿಡಗಳ ಬೆಳವಣಿಗೆಯು ಬಹುಮಟ್ಟಿಗೆ ನಿಲ್ಲುವುದಾದುದರಿಂದ, ಅದಕ್ಕೆ ಮುಂಚೆಯೇ ಬೆಳೆಯಿಸಿ, ಚಳಿಗಾಲದಲ್ಲಿ ಕೊಯ್ಯುತ್ತ ಹೋಗಬೇಕೆಂಬುದು ಅವನ ಸೂತ್ರ.

ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ಬಂದ ವಿದ್ಯೆಯು ಕೈ ನಿಂತೊಡನೆ ನಿಲ್ಲುವುದು. ಮಣ್ಣು ಮೆತ್ತಿದ ಆ ಇಬ್ಬರ ಕೈಗಳು ಒಮ್ಮೆ ಲೇಖನಿಯನ್ನು ಹಿಡಿಯದೆ ಇದ್ದಿದ್ದರೆ ಸಾಗರದಾಚೆಯವನು ಏನನ್ನು ಓದುತ್ತಿದ್ದನು? ನಮ್ಮ ಜಿಲ್ಲೆಯಲ್ಲಿಯೂ ಮಳೆ, ಗೊಬ್ಬರ, ಬಿತ್ತನೆಗಳ ಹದವನ್ನು ಬಲ್ಲ ವೃದ್ಧರು ಇನ್ನೂ ಇದ್ದಾರೆ. ಅವರ ಬಳಿ ಕುಳಿತು ಕೇಳಿ ಬರೆದಿಡುವ ಕೆಲಸವು ಓದುಬಲ್ಲ ಮನೆಗಳದು.