ಕಲ್ಯಾಣದಲ್ಲೊಂದು ಪ್ರಮಾಣವಿಚಾರ

ಚಾಳುಕ್ಯ ಆರನೆಯ ವಿಕ್ರಮಾದಿತ್ಯನು 1076ರಿಂದ ಅರ್ಧ ಶತಮಾನ ಪರ್ಯಂತ ಆಳಿದ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಮಿತಾಕ್ಷರಾ ವ್ಯಾಖ್ಯಾನದಿಂದ ನಮ್ಮ ಕಾನೂನು ವಿದ್ಯಾರ್ಥಿಗಳು, ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಒಂದು ಮಾತನ್ನು ಕಂಠಪಾಠಮಾಡಿ, ಉತ್ತರಪತ್ರಿಕೆಯಲ್ಲಿ ಗ್ರಂಥದ ಹೆಸರನ್ನೇ ಪ್ರಮಾಣವೆಂದು ಬರೆದು ಮುಂದಿನ ಪ್ರಶ್ನೆಗೆ ತೆರಳುವುದುಂಟು. ಆ ನಿರ್ಣಯಕ್ಕೆ ಆತನು ಎಷ್ಟು ಪ್ರಮಾಣಗಳನ್ನು ಒರೆಗೆ ಹಚ್ಚಿ ಬಂದನೆಂಬುದನ್ನು ಅವರಿಗೆ ತೋರಿಸಿಕೊಡುವವರು ವಿರಳವೆಂಬುದು ನನ್ನ ಬಹುಕಾಲದ ಕೊರಗು.

ದಾಯವಿಭಾಗ ಪ್ರಕರಣದ ಆರಂಭದಲ್ಲಿಯೇ ಪ್ರಶ್ನೆಯೊಂದು ಏಳುತ್ತದೆ: ಸ್ವತ್ವ, ಎಂದರೆ ಒಡೆತನವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೋ, ಲೋಕಸಿದ್ಧವೋ? ಶಾಸ್ತ್ರದಿಂದ ಮಾತ್ರ ಎನ್ನುವ ಪೂರ್ವಪಕ್ಷಿಯನ್ನು ಆತನು ದುರ್ಬಲನನ್ನಾಗಿ ಮಾಡಿ ಗೆಲ್ಲುವುದಿಲ್ಲ. ಸ್ವಾಮ್ಯದ ಕಾರಣಗಳನ್ನು ಎಣಿಸಿ ಹೇಳುವ ಧರ್ಮಶಾಸ್ತ್ರಕಾರ ಗೌತಮನ ವಚನವನ್ನೂ, ಸ್ವತ್ವವು ಲೌಕಿಕವಾದರೆ ಕದ್ದವನೇ ಒಡೆಯನಾಗಿ, ‘ನನ್ನ ಸ್ವತ್ತನ್ನು ಇವನು ಅಪಹರಿಸಿದ’ ಎನ್ನುವುದಕ್ಕೇ ಎಡೆಯಿರದೆಂಬ ಪ್ರಬಲ ಆಕ್ಷೇಪವನ್ನೂ ಅವನ ಕೈಗೆ ಕೊಟ್ಟು, ಅನಂತರವೇ ಉತ್ತರಕ್ಕೆ ತೊಡಗುತ್ತಾನೆ. ಸ್ವತ್ವವು ಭತ್ತದಂತೆ ಲೋಕದ ಕಾರ್ಯಗಳನ್ನು ಸಾಧಿಸಿಕೊಡುತ್ತದೆ, ಆದ್ದರಿಂದ ಲೌಕಿಕ. ಶಾಸ್ತ್ರೈಕಗಮ್ಯವಾದ, ಯಜ್ಞದ ಆಹವನೀಯಾಗ್ನಿಗೆ ಆ ಸಾಮರ್ಥ್ಯವಿಲ್ಲ. ಆಹವನೀಯದ ಮೇಲೆಯೂ ಅನ್ನ ಬೇಯುವುದಲ್ಲವೆ ಎಂದರೆ, ಬೇಯಿಸುವುದು ಕಣ್ಣಿಗೆ ಕಾಣುವ ಬೆಂಕಿಯಾಗಿ, ಆಹವನೀಯವಾಗಿ ಅಲ್ಲ ಎಂದು ಮರುನುಡಿಯುತ್ತಾನೆ. ಈ ಒಂದು ಭೇದದ ಮುಂದೆ ನಾನು ಎಷ್ಟೋ ಸಲ ಪುಸ್ತಕವನ್ನು ಮಡಿಚಿಟ್ಟು ಸುಮ್ಮನೆ ಕುಳಿತಿದ್ದೇನೆ. ಬಳಿಕ ಗಡಿನಾಡಿನ ಜನರನ್ನು ಸಾಕ್ಷಿಗೆ ಕರೆಯುತ್ತಾನೆ: ಶಾಸ್ತ್ರದ ಗಂಧವಿಲ್ಲದ ಅವರೂ ಕೊಂಡು ಮಾರುತ್ತಾರೆ, ನನ್ನದು ನಿನ್ನದು ಎನ್ನುತ್ತಾರೆ.

ನ್ಯಾಯಸಭೆಯ ವಿಷಯದಲ್ಲಿಯೂ ಮೂಲಸ್ಮೃತಿಯ ಕ್ರಮ ಇಂಥದೇ. ಲಿಖಿತ, ಭುಕ್ತಿ, ಸಾಕ್ಷಿಗಳೆಂಬ ಮಾನುಷ ಪ್ರಮಾಣಗಳಲ್ಲಿ ಒಂದೂ ದೊರೆಯದಾಗ ಮಾತ್ರ ದಿವ್ಯಕ್ಕೆ, ಎಂದರೆ ದೈವಪರೀಕ್ಷೆಗೆ, ಅವಕಾಶ.

ಕೋಲ್‌ಬ್ರೂಕನು 1810ರಲ್ಲಿ ಮಿತಾಕ್ಷರದ ದಾಯಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಅದು ಬ್ರಿಟಿಷ್ ನ್ಯಾಯಾಲಯಗಳ ಕೈಪಿಡಿಯಾಯಿತು. ಬಂಗಾಳದ ಕಡೆ ಜೀಮೂತವಾಹನನ ದಾಯಭಾಗವು ಹುಟ್ಟಿನ ಹಕ್ಕಿನ ವಿಷಯದಲ್ಲಿ ಬೇರೆಯೇ ಮಾರ್ಗವನ್ನು ಹಿಡಿದಿದ್ದಿತು. ಆ ಹಕ್ಕನ್ನು ಸ್ಥಾಪಿಸುವಲ್ಲಿಯೂ ವಿಜ್ಞಾನೇಶ್ವರನು, ಮಕ್ಕಳ ಈ ಸ್ವತ್ವವು ಲೋಕದಲ್ಲಿ ಸುಪ್ರಸಿದ್ಧ, ಅದನ್ನು ಅಲ್ಲಗಳೆಯುವುದು ಸಲ್ಲದು ಎಂದು ಮೊದಲು ಜನರ ನಡವಳಿಕೆಯನ್ನೇ ಮುಂದಿಟ್ಟು, ಗೌತಮನ ವಚನವನ್ನು ಅದರ ಬೆನ್ನಿಗೆ ತಂದು ನಿಲ್ಲಿಸಿದನು.