ಉಪಾಧ್ಯೆ: ಒಂದು ಅಡ್ಡಹೆಸರಿನ ಹುಟ್ಟು, ಅರ್ಥ, ಹರವು

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿಯೂ ಗಡಿಯಾಚೆಯ ಕೊಲ್ಲಾಪುರ, ಸಾಂಗ್ಲಿ ಜಿಲ್ಲೆಗಳಲ್ಲಿಯೂ ದಿಗಂಬರ ಜೈನರ ಅರ್ಚಕ ಮನೆತನಗಳಿಗೆ ಉಪಾಧ್ಯೆ ಎಂಬ ಅಡ್ಡಹೆಸರಿದೆ. ಮರಾಠಿ ಸೀಮೆಯಲ್ಲಿ ಬ್ರಾಹ್ಮಣ ಪುರೋಹಿತ ಮನೆತನಗಳಿಗೂ ಇದೇ ಹೆಸರು ಉಂಟು. ಆದರೆ ಶೇಡಬಾಳ, ಸದಲಗಾ, ಭೋಜದಂಥ ಊರುಗಳಲ್ಲಿ ಉಪಾಧ್ಯೆ ಎಂದೊಡನೆ ಜನರ ಕಣ್ಣಮುಂದೆ ಬರುವುದು ಬಸದಿ.

ಮೂಲ ಸಂಸ್ಕೃತದ ಉಪಾಧ್ಯಾಯ. ಯಾರ ಬಳಿ ಹೋಗಿ ಓದು ಕಲಿಯುತ್ತಾರೋ ಆತ ಉಪಾಧ್ಯಾಯ ಎಂಬುದು ವೈಯಾಕರಣರ ವಿವರಣೆ. ಮನುಸ್ಮೃತಿ ಇದಕ್ಕೆ ಇನ್ನೂ ಬಿಗಿಯಾದ ಅರ್ಥ ಕೊಡುತ್ತದೆ. ವೇದದ ಒಂದು ಭಾಗವನ್ನೋ ವೇದಾಂಗಗಳನ್ನೋ ಜೀವನೋಪಾಯಕ್ಕಾಗಿ ಕಲಿಸುವವನು ಉಪಾಧ್ಯಾಯ. ಉಪನಯನ ಮಾಡಿಸಿ ಇಡೀ ವೇದವನ್ನು ಕಲಿಸುವ ಆಚಾರ್ಯ ಅವನಿಗಿಂತ ಹತ್ತು ಪಟ್ಟು ಹಿರಿಯ. ವಿದ್ಯೆಯನ್ನು ವೃತ್ತಿಯಾಗಿ ನಡೆಸುವವನು ಎಂಬ ಛಾಯೆ ಹೀಗೆ ಮೊದಲಿನಿಂದಲೂ ಈ ಪದಕ್ಕೆ ಅಂಟಿದೆ. ವೃತ್ತಿ ವಂಶಪಾರಂಪರ್ಯವಾದ ಕಡೆ ಅದರ ಹೆಸರು ಮನೆತನದ ಹೆಸರಾಗಿ ನಿಂತಿತು.

ಪ್ರಾಕೃತದಲ್ಲಿ ಉಪಾಧ್ಯಾಯ ಉವಜ್ಝಾಯ ಆಯಿತು. ಅಲ್ಲಿಂದ ಮುಂದೆ ಸವೆದು ಹಿಂದಿ ಸೀಮೆಯಲ್ಲಿ ಓಝಾ, ಮಿಥಿಲೆಯಲ್ಲಿ ಝಾ, ಮರಾಠಿಯಲ್ಲಿ ವಝೆ ಎಂದಾಯಿತು. ಕನ್ನಡಕ್ಕೆ ಅದೇ ದಾರಿಯಲ್ಲಿ ಬಂದದ್ದು ಓಜ. ಇಲ್ಲಿ ಅದಕ್ಕೆ ಗುರು ಎಂಬ ಅರ್ಥದ ಜೊತೆಗೆ ಕುಶಲಕರ್ಮಿಗಳ ಮೇಸ್ತ್ರಿ, ಬಡಗಿ, ಶಿಲ್ಪಿ ಎಂಬ ಅರ್ಥವೂ ಸೇರಿತು. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಮದನಿಕೆಯರ ಕೆಳಗೆ ಹೆಸರು ಕೆತ್ತಿಸಿಕೊಂಡ ಬಳ್ಳಿಗಾವೆಯ ದಾಸೋಜನ ಹೆಸರಿನ ಕೊನೆಯಲ್ಲಿರುವುದು ಈ ಓಜವೇ. ಶಾಸನಗಳಲ್ಲಿ ಇಂಥ ಶಿಲ್ಪಿಗಳ ಹೆಸರು ಹೇರಳ. ಕಲ್ಲು ಕೆತ್ತುವವನಿಗೂ ಪಾಠ ಹೇಳುವವನಿಗೂ ಒಂದೇ ಗೌರವದ ಪದವನ್ನು ಕನ್ನಡ ಕೊಟ್ಟಿತೆಂಬುದು ಸಣ್ಣ ಸಂಗತಿಯಲ್ಲ. ಇನ್ನು ಬಂಗಾಳದಲ್ಲಿ ಉಪಾಧ್ಯಾಯ ಸವೆಯದೆ ಉಳಿದು, ಮುಖೋಪಾಧ್ಯಾಯ, ಚಟ್ಟೋಪಾಧ್ಯಾಯ, ಬಂದ್ಯೋಪಾಧ್ಯಾಯಗಳ ಬಾಲವಾಯಿತು. ಕರಾವಳಿಯ ಬ್ರಾಹ್ಮಣರಲ್ಲಿ ಉಪಾಧ್ಯ, ಉಪಾಧ್ಯಾಯ ಎಂಬ ರೂಪಗಳೇ ಬಳಕೆಯಲ್ಲಿವೆ.

ಜೈನರಲ್ಲಿ ಈ ಪದದ ನಡೆ ಬೇರೆ. ಅರ್ಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧು ಎಂಬ ಪಂಚಪರಮೇಷ್ಠಿಗಳಲ್ಲಿ ಉಪಾಧ್ಯಾಯ ನಾಲ್ಕನೆಯವನು. ಆತ ಮುನಿ, ಸಂಘದ ಉಳಿದ ಮುನಿಗಳಿಗೆ ಆಗಮ ಕಲಿಸುವವನು. ಮನೆಮಠವಿಲ್ಲದ, ಮೈಮೇಲೆ ಬಟ್ಟೆಯೂ ಇಲ್ಲದ ಅವನಿಗೂ, ಹೆಂಡತಿ ಮಕ್ಕಳೊಂದಿಗೆ ಬಸದಿಯ ಪಕ್ಕದಲ್ಲಿ ಬಾಳುವ ಊರ ಉಪಾಧ್ಯೆಗೂ ಹೆಸರೊಂದೇ, ದಾರಿ ಬೇರೆ. ಊರ ಉಪಾಧ್ಯೆ ಗೃಹಸ್ಥ. ಬೆಳಿಗ್ಗೆ ಮಿಂದು ಮಡಿ ಧೋತರ ಉಟ್ಟು, ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಜಿನಬಿಂಬಕ್ಕೆ ಅಭಿಷೇಕ ಮಾಡುತ್ತಾನೆ. ಜಲ, ಗಂಧ, ಅಕ್ಷತೆ, ಹೂವು, ನೈವೇದ್ಯ, ದೀಪ, ಧೂಪ, ಫಲಗಳಿಂದ ಅಷ್ಟದ್ರವ್ಯದ ಪೂಜೆ ನಡೆಸುತ್ತಾನೆ. ಬಂದ ಶ್ರಾವಕರು ಗಂಧೋದಕವನ್ನು ಹಣೆಗೂ ಕಣ್ಣಿಗೂ ಹಚ್ಚಿಕೊಂಡು ಹೊಲಕ್ಕೋ ಅಂಗಡಿಗೋ ಹೋಗುತ್ತಾರೆ. ಮದುವೆ, ಗೃಹಪ್ರವೇಶ, ಹಬ್ಬದ ವಿಶೇಷ ಪೂಜೆಗಳೂ ಅವನ ಪಾಲಿನವೇ. ಉತ್ತರ ಭಾರತದ ದಿಗಂಬರರಲ್ಲಿ ಶ್ರಾವಕರೇ ಪೂಜೆ ಮಾಡಿಕೊಳ್ಳುವುದು ರೂಢಿಯಾದ್ದರಿಂದ ಅಲ್ಲಿ ಇಂಥ ಅರ್ಚಕ ಮನೆತನಗಳು ಬೆಳೆಯಲಿಲ್ಲ. ದಕ್ಷಿಣದಲ್ಲಿ, ಕೊಲ್ಲಾಪುರ ಮತ್ತು ನಾಂದಣಿಯ ಭಟ್ಟಾರಕ ಮಠಗಳ ಪ್ರಭಾವವಿದ್ದ ಈ ಸೀಮೆಯಲ್ಲಿ, ಚತುರ್ಥ ಮತ್ತು ಪಂಚಮ ಪಂಗಡಗಳ ಜೈನರ ಊರೂರಿಗೆ ಉಪಾಧ್ಯೆ ಬೇಕಾದ. ತುಳುನಾಡಿನ ಬಸದಿಗಳಲ್ಲಿ ಇದೇ ಕೆಲಸ ಮಾಡುವವರಿಗೆ ಇಂದ್ರ ಎಂದು ಹೆಸರು. ಜಿನನಿಗೆ ಜನ್ಮಾಭಿಷೇಕ ಮಾಡಿದವನು ದೇವೇಂದ್ರನೆಂಬ ನಂಬಿಕೆ ಅದರ ಹಿಂದಿದೆ.

ಉಪಾಧ್ಯಾಯ ಉಪಾಧ್ಯೆ ಆದದ್ದು ಮರಾಠಿಯ ಕೈಯಲ್ಲಿ. ಮರಾಠಿಯಲ್ಲಿ ಪುರೋಹಿತನಿಗೆ ಉಪಾಧ್ಯಾ ಎನ್ನುತ್ತಾರೆ. ಗೌರವದ ಬಹುವಚನದಲ್ಲಿ ಅದು ಉಪಾಧ್ಯೆ. ಚೌಗುಲೆ, ಗೋಖಲೆ ಮೊದಲಾದ ಹೆಸರುಗಳ ಕೊನೆಯ ಎಕಾರವೂ ಇದೇ ಬಗೆಯದು. ಕನ್ನಡಿಗರು ಅದಕ್ಕೆ ತಮ್ಮ ರು ಪ್ರತ್ಯಯವನ್ನೂ ಸೇರಿಸಿ ಉಪಾಧ್ಯೇರು ಎಂದರು. ಎರಡು ಭಾಷೆಗಳ ಮರ್ಯಾದೆ ಒಂದೇ ಪದದಲ್ಲಿ ಕೂಡಿದ್ದು ಹೀಗೆ.

ಹೆಸರು ಮನೆತನಕ್ಕೆ ಗಟ್ಟಿಯಾಗಿ ಕಚ್ಚಿಕೊಂಡದ್ದು ಕಾಗದಪತ್ರಗಳಿಂದ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೂ ಬೆಳಗಾವಿ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ಅಲ್ಲಿನ ಶಾಲೆ ಮತ್ತು ಕಂದಾಯ ದಾಖಲೆಗಳಲ್ಲಿ ನೆಲೆಗೊಂಡಿತು. ಹಳೆಯ ಮೈಸೂರಿನಲ್ಲಿ ಇನಿಷಿಯಲ್ಲುಗಳೇ ಸಾಕಾಗಿದ್ದಾಗ ಇಲ್ಲಿ ಅಡ್ಡಹೆಸರಿಲ್ಲದೆ ಶಾಲೆಯ ದಾಖಲಾತಿಯೇ ಪೂರ್ತಿಯಾಗುತ್ತಿರಲಿಲ್ಲ. ಆಗ ಮನೆತನಕ್ಕೆ ಏನು ಗುರುತಿತ್ತೋ ಅದೇ ಹೆಸರಾಯಿತು. ಊರ ಅಧಿಕಾರ ಇದ್ದವರು ಪಾಟೀಲ, ಕುಲಕರ್ಣಿ, ಚೌಗುಲೆ ಆದರು. 1872ರಲ್ಲಿ ಹುಟ್ಟಿ ಮುಂದೆ ಆಚಾರ್ಯ ಶಾಂತಿಸಾಗರರಾದ ಭೋಜದ ಸಾತಗೌಡ ಭೀಮಗೌಡ ಪಾಟೀಲರ ಹೆಸರಿನಲ್ಲಿ ಊರ ಮುಖ್ಯಸ್ಥಿಕೆ ಕನ್ನಡದ ಗೌಡ, ಮರಾಠಿಯ ಪಾಟೀಲ ಎರಡೂ ಆಗಿ ಕಾಣಿಸುತ್ತದೆ. 1946ರಲ್ಲಿ ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರ ಮನೆತನ ಅಷ್ಟಗೆ. ಅದು ಆಷ್ಟಾ ಎಂಬ ಊರನ್ನು ನೆನಪಿಸುವ ಹೆಸರು.

ಮನೆಯಿಂದಲೇ ಹೆಸರು ಪಡೆದವರು ಉತ್ತರ ಕರ್ನಾಟಕದಲ್ಲಿ ಹೊಸಮನಿ, ಹಿರೇಮನಿ, ದೊಡ್ಡಮನಿ, ಕಟ್ಟಿಮನಿ. ಈ ಬಗೆಗೆ ಜಗತ್ತಿನಲ್ಲಿ ಪ್ರಸಿದ್ಧವಾದ ನೆಲ ಸ್ಪೇನ್–ಫ್ರಾನ್ಸ್ ಗಡಿಯ ಬಾಸ್ಕ್ ನಾಡು. ಅಲ್ಲಿ ಮನೆಯ ಹೆಸರೇ ಮನುಷ್ಯನ ಹೆಸರು. ಎಚೆಬೆರಿಯಾ ಎಂಬ ಬಾಸ್ಕ್ ಅಡ್ಡಹೆಸರಿನಲ್ಲಿ ಎಚೆ ಎಂದರೆ ಮನೆ, ಬೆರಿ ಎಂದರೆ ಹೊಸದು, ನಮ್ಮ ಹೊಸಮನಿಯೇ. ಅದೇ ಪದ ಸವೆದು ಹಾವಿಯೇರ್ ಆಗಿ ಒಂದು ಕೋಟೆಗೂ ಊರಿಗೂ ಹೆಸರಾಯಿತು. ಅಲ್ಲಿ 1506ರಲ್ಲಿ ಹುಟ್ಟಿದ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಪಾರ್ಥಿವ ಶರೀರ ಹಳೆ ಗೋವೆಯಲ್ಲಿದೆ. ಗೋವೆ, ಮಂಗಳೂರುಗಳಲ್ಲಿ ಝೇವಿಯರ್ ಇಂದು ಮಕ್ಕಳಿಗೆ ಇಡುವ ಹೆಸರು. ಉಪಾಧ್ಯಾಯದಿಂದ ಝಾ, ವಝೆ, ಉಪಾಧ್ಯೆ ಬಂದಂತೆ ಎಚೆಬೆರಿಯಾದಿಂದ ಝೇವಿಯರ್ ಬಂದಿದೆ. ಅಡ್ಡಹೆಸರುಗಳ ಅಧ್ಯಯನಕ್ಕೆ ಅರ್ಥಕ್ಕಿಂತ ಈ ಸವೆತವೇ ಹೆಚ್ಚು ಉಪಯುಕ್ತ. ಹೆಸರು ಯಾವ ಭಾಷೆಯ ಬಾಯಲ್ಲಿ ಪಳಗಿತೆಂದು ಹೇಳುವುದು ಅದೇ.

ಉಪಾಧ್ಯೆ ಹೆಸರು ನಾಡಿನಾಚೆಗೂ ತಿಳಿದದ್ದು ಇಬ್ಬರಿಂದ. ಮೊದಲನೆಯವರು 1906ರಲ್ಲಿ ಸದಲಗಾದಲ್ಲಿ ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆ. ಸ್ವಂತ ಹೆಸರು ಮೊದಲನೆಯ ತೀರ್ಥಂಕರನದು, ತಂದೆಯ ಹೆಸರು ಇಪ್ಪತ್ತೆರಡನೆಯ ತೀರ್ಥಂಕರನದು, ಅಡ್ಡಹೆಸರು ಬಸದಿಯದು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸಿದ ಇವರು ಕುಂದಕುಂದರ ಪ್ರವಚನಸಾರ, ಜೋಇಂದುವಿನ ಪರಮಾತ್ಮಪ್ರಕಾಶ, ಉದ್ದ್ಯೋತನಸೂರಿಯ ಕುವಲಯಮಾಲಾ ಮೊದಲಾದ ಕೃತಿಗಳನ್ನು ಸಂಪಾದಿಸಿದರು. ಹಸ್ತಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ಪಾಠ ನಿರ್ಧರಿಸುವುದರಲ್ಲಿ ಇವರು ಹಾಕಿದ ಮಟ್ಟ ಇಂದಿಗೂ ಪ್ರಾಕೃತ ವಿದ್ವಾಂಸರಿಗೆ ಅಳತೆಗೋಲು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, 1975ರಲ್ಲಿ ತೀರಿಕೊಂಡರು. ಉಪಾಧ್ಯೆ ಎಂಬ ಹೆಸರು ಇವರಲ್ಲಿ ತನ್ನ ಮೊದಲ ಅರ್ಥಕ್ಕೆ, ಕಲಿಸುವವನೆಂಬ ಅರ್ಥಕ್ಕೆ ಮರಳಿತು.

ಎರಡನೆಯವರು 1925ರ ಏಪ್ರಿಲ್ 22ರಂದು ಶೇಡಬಾಳದಲ್ಲಿ ಹುಟ್ಟಿದ ಸುರೇಂದ್ರ ಉಪಾಧ್ಯೆ. ದೀಕ್ಷೆ ಪಡೆದವರು ಮನೆಯ ಜೊತೆಗೆ ಮನೆತನದ ಹೆಸರನ್ನೂ ಬಿಡುತ್ತಾರೆ. 1946ರಲ್ಲಿ ಮುನಿದೀಕ್ಷೆಗೆ ಮುಂಚಿನ ಹಂತವಾದ ಕ್ಷುಲ್ಲಕ ದೀಕ್ಷೆ ಪಡೆದು ಪಾರ್ಶ್ವಕೀರ್ತಿ ಎನಿಸಿದ ಸುರೇಂದ್ರರು 1963ರಲ್ಲಿ ದಿಲ್ಲಿಯಲ್ಲಿ, ಚಿಕ್ಕೋಡಿ ತಾಲ್ಲೂಕಿನ ಕೋಥಳಿಯವರೇ ಆದ ಆಚಾರ್ಯ ದೇಶಭೂಷಣರಿಂದ ಮುನಿದೀಕ್ಷೆ ಪಡೆದು ವಿದ್ಯಾನಂದರಾದರು. 1974ರಲ್ಲಿ, ಮಹಾವೀರ ನಿರ್ವಾಣದ 2500ನೆಯ ವರ್ಷದ ಆಚರಣೆ ನಡೆದಿದ್ದ ಕಾಲಕ್ಕೆ, ಅವರಿಗೆ ಉಪಾಧ್ಯಾಯ ಪದವಿ ಸಂದಿತು. ಹುಟ್ಟಿನಿಂದ ಬಂದು ತ್ಯಾಗದಲ್ಲಿ ಬಿಟ್ಟ ಹೆಸರು ಸಾಧನೆಯಿಂದ ಮತ್ತೆ ದೊರೆತ ಇಂಥ ನಿದರ್ಶನ ಅಪರೂಪ. 1987ರಲ್ಲಿ ಆಚಾರ್ಯರಾದ ಅವರು 2019ರಲ್ಲಿ ದೇಹ ಬಿಟ್ಟರು.

ಸಂಖ್ಯೆಯಲ್ಲಿ ಉಪಾಧ್ಯೆ ಮನೆತನಗಳು ಪಾಟೀಲ, ಮಗದುಮ್ಮ, ಚೌಗುಲೆಗಳಷ್ಟು ದಟ್ಟವಾಗಿಲ್ಲ. ಒಂದು ಬಸದಿಯ ಪೂಜೆಗೆ ಒಂದೆರಡು ಮನೆ ಸಾಕಾದ್ದರಿಂದ ಅವು ಊರೂರಿಗೆ ಚದುರಿ ನೆಲೆಸಿದವು. ಈಗ ಆ ಮನೆಗಳ ಮಕ್ಕಳು ಓದಿ ಬೆಳಗಾವಿ, ಕೊಲ್ಲಾಪುರ, ಪುಣೆ, ಬೆಂಗಳೂರುಗಳಲ್ಲಿ ಬೇರೆ ಉದ್ಯೋಗ ಹಿಡಿದಿದ್ದಾರೆ. ಊರಲ್ಲಿ ಉಳಿದ ದಾಯಾದಿಗಳು ಸರದಿಯಂತೆ ಪೂಜೆ ನಡೆಸುವುದು, ಸರದಿಗೆ ಆಳಿಲ್ಲದ ಕಡೆ ಬಸದಿಯ ಕಮಿಟಿಯವರು ಸಂಬಳ ಕೊಟ್ಟು ಅರ್ಚಕರನ್ನು ನೇಮಿಸುವುದು ಎರಡೂ ನಡೆದಿವೆ. ಹಾಗೆ ನೇಮಕವಾದವರ ಅಡ್ಡಹೆಸರು ಬೇರೆ ಏನೇ ಇರಲಿ, ಊರವರ ಮಾತಿನಲ್ಲಿ ಅವರೂ ಉಪಾಧ್ಯೇರೇ.